ಮಳೆಗಾಲ ಕಳೆದ ಈಜುಕೊಳ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಶಿರಸಿಯ ತೋಟದ ಮನೆಗಳಿಂದ ಹಿಡಿದು ಕಾರವಾರ, ಗೋಕರ್ಣದ ಹೋಂಸ್ಟೇಗಳವರೆಗೆ ಹಿತ್ತಲಿನ ಈಜುಕೊಳಗಳಿಗೆಲ್ಲ ಒಂದೇ ದಿನಚರಿ. ಮೇ ಕೊನೆಗೆ ಮೋಟರ್ ಬಂದ್. ಮತ್ತೆ ಅತ್ತ ತಲೆ ಹಾಕುವುದು ದಸರೆಯ ಹೊತ್ತಿಗೆ, ಅದೂ ಬುಕಿಂಗ್ ಫೋನ್ ಬಂದ ಮೇಲೆ. ಅಷ್ಟರಲ್ಲಿ ಮೇಲೆ ಹಸಿರು ಕೆನೆ, ತಳದಲ್ಲಿ ಕೊಳೆತ ಸೋಗೆ, ನಡುವೆ ಗೊದಮೊಟ್ಟೆಗಳ ಸಂಸಾರ. ಯಜಮಾನರು ಅಂಗಡಿಗೆ ಹೋಗಿ ಒಂದು ಚೀಲ ಬ್ಲೀಚಿಂಗ್ ಪೌಡರ್ ತಂದು ಸುರಿಯುತ್ತಾರೆ. ನೀರು ಎರಡು ದಿನ ಬೆಳ್ಳಗಾಗುತ್ತದೆ, ಮೂರನೆಯ ದಿನ ಮತ್ತೆ ಹಸಿರು.

ನೀರು ಹಸಿರಾಗಿರುವುದು ಯಾರ ಕಣ್ಣಿಗಾದರೂ ಕಾಣುತ್ತದೆ. ಅದು ಯಾಕೆ ತಿಳಿಯಾಗುತ್ತಿಲ್ಲ ಎಂಬುದಕ್ಕೆ ಉತ್ತರ ಮಾತ್ರ ಹೆಚ್ಚಾಗಿ ಪಂಪ್ ಶೆಡ್ಡಿನಲ್ಲಿ ಸಿಗುತ್ತದೆ. ಆದ್ದರಿಂದ ಹುಡುಕುವ ಕ್ರಮ ಹೀಗಿರಲಿ: ಮೊದಲು ನೆಲ, ಆಮೇಲೆ ಪಂಪ್, ಆಮೇಲೆ ಫಿಲ್ಟರ್, ಕೊನೆಗೆ ನೀರು. ರಾಸಾಯನಿಕಕ್ಕೆ ದುಡ್ಡು ಖರ್ಚು ಮಾಡುವುದು ಮೊದಲ ಮೂರು ಸರಿಯಾದ ನಂತರ.

ಖಾಲಿ ಮಾಡುವ ಮುನ್ನ ಬಾವಿಗೆ ಹಗ್ಗ ಇಳಿಸಿ

“ಒಮ್ಮೆ ಪೂರ್ತಿ ಖಾಲಿ ಮಾಡಿ ತಿಕ್ಕಿ ತೊಳೆದರೆ ಮುಗಿಯಿತಲ್ಲ ಮಾರಾಯರೇ” ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಏಪ್ರಿಲ್‌ನಲ್ಲಾದರೆ ಹಾಗೆ ಮಾಡಬಹುದು. ಅಕ್ಟೋಬರ್‌ನಲ್ಲಿ ಮಾಡಿದರೆ ಕೊಳವೇ ಮುಗಿದು ಹೋದೀತು. ಮಳೆಗಾಲ ಮುಗಿಯುವ ಹೊತ್ತಿಗೆ ಕರಾವಳಿಯಲ್ಲಿ ಬಾವಿಯ ನೀರು ಕೈಗೆಟಕುವಷ್ಟು ಮೇಲೆ ಬಂದಿರುತ್ತದೆ. ಅದೇ ಮಟ್ಟದ ನೀರು ಕೊಳದ ಸುತ್ತಲಿನ ಮಣ್ಣಿನಲ್ಲೂ ನಿಂತು, ತಳವನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ಒಳಗಿನ ನೀರಿನ ಭಾರ ಆ ಒತ್ತಡವನ್ನು ತಡೆದಿಟ್ಟಿರುತ್ತದೆ. ಅದನ್ನು ತೆಗೆದರೆ ಉಳಿಯುವುದು ಕಾಂಕ್ರೀಟಿನ ಭಾರ ಮಾತ್ರ.

ಲೆಕ್ಕ ಸರಳ. ಹದಿನೈದು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ತಳ ಚದರ ಮೀಟರಿಗೆ ಸುಮಾರು 360 ಕಿಲೋ ತೂಗುತ್ತದೆ. ಅಂತರ್ಜಲ ತಳಕ್ಕಿಂತ ಒಂದೇ ಒಂದು ಮೀಟರ್ ಮೇಲಿದ್ದರೂ ಮೇಲ್ಮುಖ ಒತ್ತಡ ಚದರ ಮೀಟರಿಗೆ 1000 ಕಿಲೋ. ಗೋಡೆಗಳ ಭಾರ ಸ್ವಲ್ಪ ನೆರವಾದರೂ ತಳ ಉಬ್ಬುವುದು, ಟೈಲ್ಸ್ ಎದ್ದು ಬರುವುದು, ಪೈಪಿನ ಕೀಲು ಮುರಿಯುವುದು ಹೀಗೆಯೇ. ಫೈಬರ್ ಕೊಳವಾದರೆ ಇಡೀ ತೊಟ್ಟಿಯೇ ಎದ್ದು ತೇಲುತ್ತದೆ.

ಪರೀಕ್ಷೆಗೆ ಒಂದು ಹಗ್ಗ, ಒಂದು ಕಲ್ಲು ಸಾಕು. ಹತ್ತಿರದ ಬಾವಿಯಲ್ಲಿ ನೆಲಮಟ್ಟದಿಂದ ನೀರು ಎಷ್ಟು ಕೆಳಗಿದೆ ಎಂದು ಅಳೆಯಿರಿ. ಕೊಳದ ಆಳದ ತುದಿ ನೆಲಮಟ್ಟದಿಂದ ಎಷ್ಟು ಕೆಳಗಿದೆ ಎಂದೂ ಅಳೆಯಿರಿ. ಬಾವಿಯ ನೀರು ಕೊಳದ ತಳಕ್ಕಿಂತ ಮೇಲಿದ್ದರೆ ಖಾಲಿ ಮಾಡುವ ಮಾತೇ ಬೇಡ. ಘಟ್ಟದ ಮೇಲೆ, ಶಿರಸಿ, ಸಿದ್ದಾಪುರದ ಕಡೆ, ಇನ್ನೊಂದು ತೊಡಕಿದೆ. ಬಾವಿ ಕೆಳಗಿನ ತೋಟದಲ್ಲಿದ್ದು ಕೊಳ ಗುಡ್ಡದ ಇಳಿಜಾರಿನಲ್ಲಿದ್ದರೆ ಬಾವಿಯ ಮಟ್ಟ ಏನನ್ನೂ ಹೇಳುವುದಿಲ್ಲ. ಗುಡ್ಡ ಕಡಿದ ಧರೆಯ ಕಡೆಯಿಂದ ಒರತೆ ಜಿನುಗುತ್ತಿದೆಯೇ ಎಂದು ನೋಡಬೇಕು. ಜಿನುಗುತ್ತಿದ್ದರೆ ಜನವರಿಯವರೆಗೆ ಕೊಳ ತುಂಬಿಯೇ ಇರಲಿ. ಹಸಿರು ನೀರನ್ನು ಒಳಗೆ ಇಟ್ಟುಕೊಂಡೇ ತಿಳಿಗೊಳಿಸಲು ಬರುತ್ತದೆ, ಹೊಸ ನೀರಿನ ಖರ್ಚೂ ಉಳಿಯುತ್ತದೆ.

ಕಸ ತೆಗೆಯುವಾಗ

ಉದ್ದ ಕೋಲಿಗೆ ಕಟ್ಟಿದ ಬಲೆಯಿಂದ ತೆಗೆಯಿರಿ, ಕೊಳಕ್ಕೆ ಇಳಿಯಬೇಡಿ. ನಿಂತ ನೀರಿನಲ್ಲಿ ಇಲಿಯ ಮೂತ್ರ ಸೇರಿರುತ್ತದೆ. ಇಲಿಜ್ವರ ಉತ್ತರ ಕನ್ನಡ ಜಿಲ್ಲೆಗೆ ಹೊಸದಲ್ಲ, ಕಾಲಿನ ಒಂದು ಗೀರು ಅದಕ್ಕೆ ಸಾಕು. ಗಂಬೂಟು, ರಬ್ಬರ್ ಕೈಗವಸು ಹಾಕಿಕೊಳ್ಳಿ. ಮೂಗಿನೊಳಗೆ ಕೊಳಕು ನೀರು ಹೋಗುವುದು ಇನ್ನೂ ಅಪಾಯ. 2024ರಲ್ಲಿ ಕೇರಳದಲ್ಲಿ ಅಮೀಬಾ ಮಿದುಳು ಸೋಂಕಿನಿಂದ ಮಕ್ಕಳು ತೀರಿಕೊಂಡದ್ದು ನೆನಪಿರಬಹುದು. ಕೊಳದ ಅಂಚಿನಲ್ಲಿ ಮೇಲ್ಮೈ ನೀರನ್ನೆಳೆದು ಕಸ ಹಿಡಿಯುವ ಸ್ಕಿಮರ್ ಬುಟ್ಟಿಯ ಮುಚ್ಚಳ ತೆಗೆದ ಕೂಡಲೇ ಕೈ ಹಾಕಬೇಡಿ. ತಂಪಾದ ಕತ್ತಲೆಯ ಆ ಗೂಡು ಹಾವಿಗೆ ಬಹಳ ಇಷ್ಟ. ಹೆಚ್ಚಿನ ಸಲ ಅಲ್ಲಿರುವುದು ನೀರೊಳ್ಳೆ ಅಥವಾ ಕೇರೆ, ಆದರೆ ಪ್ರತಿ ಸಲವೂ ಅದೇ ಎಂದು ಯಾರೂ ಬರೆದು ಕೊಟ್ಟಿಲ್ಲ. ಮೊದಲು ಕೋಲಿನಿಂದ ಆಡಿಸಿ ನೋಡಿ.

ಎಲೆ ಪೂರ್ತಿ ತೆಗೆಯುವವರೆಗೆ ಕ್ಲೋರಿನ್ ಹಾಕುವುದು ಶುದ್ಧ ದಂಡ. ಕೊಳೆಯುವ ಸೋಗೆ, ಹಾಳೆಗಳೇ ಅದನ್ನೆಲ್ಲ ನುಂಗಿ ಹಾಕುತ್ತವೆ. ಅರ್ಧ ದಿನ ಹೆಚ್ಚು ಹೋದರೂ ತಳವನ್ನು ಗೋರಿ ಗೋರಿ ತೆಗೆಯಿರಿ.

ಪಂಪ್ ಶುರುವಾಗದಿದ್ದರೆ, ನೀರೆಳೆಯದಿದ್ದರೆ

ಸ್ವಿಚ್ ಒತ್ತುವ ಮೊದಲು ಎಲೆಕ್ಟ್ರಿಷಿಯನ್ ಕರೆಸಿ. ನಾಲ್ಕು ತಿಂಗಳು ಉಪ್ಪುಗಾಳಿ, ಶೀತ ಹೀರಿದ ಪ್ಯಾನೆಲ್ ಬೋರ್ಡನ್ನು ಒದ್ದೆ ಕೈಯಿಂದ ಮುಟ್ಟುವ ಧೈರ್ಯ ಯಾರಿಗೂ ಬೇಡ. ಕೊಳದ ಲೈನಿನಲ್ಲಿ, ವಿದ್ಯುತ್ ಸೋರಿದರೆ ತಾನಾಗಿ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ಮೋಟರ್ ಹಾಕಿದ ಕ್ಷಣವೇ ಅದು ಟ್ರಿಪ್ ಆದರೆ ಹೆಚ್ಚಾಗಿ ಮೋಟರಿನ ತಂತಿ ಸುರುಳಿಗೆ, ಅಂದರೆ ವೈಂಡಿಂಗ್‌ಗೆ ಶೀತ ಹಿಡಿದಿದೆ ಎಂದರ್ಥ. ಮೋಟರ್ ಬಿಚ್ಚಿಸಿ ಒಣಗಿಸಬೇಕು. ಆರ್‌ಸಿಸಿಬಿಯನ್ನೇ ತಪ್ಪಿಸಿ ನೇರ ಸಂಪರ್ಕ ಕೊಡುವ ಜಾಣರು ಎಲ್ಲ ಊರಲ್ಲೂ ಇದ್ದಾರೆ. ಅಂಥವರನ್ನು ಗೇಟಿನಿಂದಲೇ ವಾಪಸ್ ಕಳಿಸಿ.

ಗುಂಯ್ ಎನ್ನುತ್ತದೆ ಆದರೆ ತಿರುಗುವುದಿಲ್ಲ ಎಂದಾದರೆ ತಕ್ಷಣ ಆರಿಸಿ, ಇಲ್ಲವಾದರೆ ವೈಂಡಿಂಗ್ ಸುಡುತ್ತದೆ. ಮೇನ್ ತೆಗೆದು ಮೋಟರಿನ ಹಿಂಬದಿಯ ಫ್ಯಾನನ್ನು ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಕೆಪಾಸಿಟರ್ ಹೋಗಿದೆ ಅಥವಾ ವೋಲ್ಟೇಜ್ ತೀರಾ ಕಡಿಮೆ ಇದೆ. ಮೀಟರ್ ಹಿಡಿದರೆ ಎರಡರಲ್ಲಿ ಯಾವುದೆಂದು ತಿಳಿಯುತ್ತದೆ. ತಿರುಗದೆ ಬಿಗಿಯಾಗಿದ್ದರೆ ಬೇರಿಂಗ್ ತುಕ್ಕು ಹಿಡಿದಿದೆ ಅಥವಾ ನೀರು ತಳ್ಳುವ ಚಕ್ರವಾದ ಇಂಪೆಲ್ಲರ್‌ನಲ್ಲಿ ಏನೋ ಸಿಕ್ಕಿಕೊಂಡಿದೆ.

ಕಾರವಾರದ ಕಡಲತೀರದ ಮನೆಗಳಲ್ಲಿ ಆ ‘ಏನೋ’ ಹೆಚ್ಚಾಗಿ ಗಾಳಿಮರದ ಎಲೆ. ಸೂಜಿಯಂಥ ಆ ಎಲೆ ಸ್ಕಿಮರ್ ಬುಟ್ಟಿಯ ತೂತಿನಲ್ಲಿ ನೆಟ್ಟಗೆ ನುಸುಳುತ್ತದೆ, ಪಂಪಿನ ಬುಟ್ಟಿಯಲ್ಲೂ ನುಸುಳುತ್ತದೆ, ಇಂಪೆಲ್ಲರ್‌ನ ಕಿರಿದಾದ ರೆಕ್ಕೆಗಳ ನಡುವೆ ಹೋಗಿ ಅಡ್ಡ ಕೂರುತ್ತದೆ. ಒಂದರ ಮೇಲೊಂದು ಸೇರಿ ಕಂದು ಬಣ್ಣದ ಗಟ್ಟಿ ಬೆಣೆಯಾಗುತ್ತದೆ. ಇದರ ಗುರುತು ಏನೆಂದರೆ ಮೋಟರ್ ಚೆನ್ನಾಗಿ ತಿರುಗುತ್ತದೆ, ಬುಟ್ಟಿಗಳು ಸ್ವಚ್ಛವಾಗಿವೆ, ಪಂಪಿನ ತುಂಬ ನೀರಿದೆ, ಆದರೂ ಕೊಳಕ್ಕೆ ವಾಪಸ್ ಬರುವ ಧಾರೆ ಸತ್ತ ಹಾಗಿರುತ್ತದೆ. ಮೇನ್ ತೆಗೆದು, ಬುಟ್ಟಿ ಎತ್ತಿ, ಒಳಗಿನ ತೂತಿನಲ್ಲಿ ಕೊಕ್ಕೆ ಮಾಡಿದ ತಂತಿ ಹಾಕಿ ಎಳೆದರೆ ಆ ಸೂಜಿಗಳು ಕಂತೆಕಂತೆಯಾಗಿ ಬರುತ್ತವೆ. ಮುಂದಿನ ಸಲ ಹಾಗಾಗದಂತೆ ಸ್ಕಿಮರ್ ಬುಟ್ಟಿಗೆ ಹಳೆಯ ನೈಲಾನ್ ಕಾಲುಚೀಲ ಹಾಕಿಡಿ. ಕಂಪನಿಯ ಬಲೆಚೀಲಕ್ಕಿಂತ ಇದು ವಾಸಿ.

ಮೋಟರ್ ತಿರುಗುತ್ತದೆ, ಆದರೆ ಪಂಪಿನ ಮುಚ್ಚಳದೊಳಗೆ ನೀರು ತುಂಬದೆ ಗುಳ್ಳೆ ಕುದಿಯುತ್ತಿದೆ ಎಂದಾದರೆ ಎಲ್ಲಿಂದಲೋ ಗಾಳಿ ಎಳೆಯುತ್ತಿದೆ. ಕೊಳದ ನೀರು ಸ್ಕಿಮರ್ ಬಾಯಿಯ ಅರ್ಧಕ್ಕಾದರೂ ಇದೆಯೇ ನೋಡಿ. ಇದ್ದರೆ ಮುಚ್ಚಳದ ರಬ್ಬರ್ ರಿಂಗ್ ತೆಗೆದು ಬೆರಳಲ್ಲಿ ಬಗ್ಗಿಸಿ ನೋಡಿ. ಸಣ್ಣ ಬಿರುಕು ಕಂಡರೂ ಹೊಸದು ಹಾಕಿ. ಅದೂ ಸರಿ ಇದ್ದರೆ ಪಂಪ್ ಓಡುತ್ತಿರುವಾಗಲೇ ಸಕ್ಷನ್ ಪೈಪಿನ ಒಂದೊಂದು ಕೀಲಿನ ಮೇಲೂ ಸೋಪಿನ ನೊರೆ ಬಳಿಯುತ್ತಾ ಹೋಗಿ. ನೊರೆಯನ್ನು ಒಳಗೆ ಎಳೆದುಕೊಳ್ಳುವ ಕೀಲೇ ಕಳ್ಳ.

ಫಿಲ್ಟರ್: ಗೇಜು ಹೇಳುವುದನ್ನು ಕೇಳಿ

ಮೊದಲು ಒತ್ತಡ ತೋರಿಸುವ ಗೇಜು ಬದುಕಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಪಂಪ್ ಆರಿಸಿದಾಗ ಮುಳ್ಳು ಸೊನ್ನೆಗೆ ಬರಬೇಕು. ಸಮುದ್ರದ ಹತ್ತಿರ ಎರಡು ವರ್ಷದಲ್ಲಿ ಅದು ತುಕ್ಕು ಹಿಡಿದು ಒಂದೇ ಅಂಕಿಯ ಮೇಲೆ ಕೂರುತ್ತದೆ, ಮಾಲೀಕರು ಅದನ್ನೇ ನೋಡಿ ನೆಮ್ಮದಿಯಿಂದಿರುತ್ತಾರೆ. ಹೊಸ ಗೇಜಿಗೆ ದೊಡ್ಡ ಖರ್ಚಿಲ್ಲ.

ಬ್ಯಾಕ್‌ವಾಶ್ (ಫಿಲ್ಟರಿನ ಮರಳಿನಲ್ಲಿ ನೀರನ್ನು ಹಿಮ್ಮುಖವಾಗಿ ಹಾಯಿಸಿ ತೊಳೆಯುವುದು) ಮಾಡಿದ ಕೂಡಲೇ ಇರುವ ಒತ್ತಡವನ್ನು ಶೆಡ್ಡಿನ ಗೋಡೆಯ ಮೇಲೆ ಬರೆದಿಡಿ. ಅದಕ್ಕಿಂತ ಅರ್ಧದಿಂದ ಮುಕ್ಕಾಲು ಬಾರ್ ಏರಿದರೆ ಮರಳು ಕಟ್ಟಿದೆ, ಮತ್ತೆ ಬ್ಯಾಕ್‌ವಾಶ್ ಮಾಡಬೇಕು. ಅದಕ್ಕಿಂತ ಇಳಿದರೆ ದೋಷ ಫಿಲ್ಟರಿನದಲ್ಲ, ಪಂಪಿಗೆ ನೀರು ಸಾಲುತ್ತಿಲ್ಲ. ಮತ್ತೆ ಬುಟ್ಟಿ, ಇಂಪೆಲ್ಲರ್, ಗಾಳಿ ಈ ಮೂರನ್ನು ನೋಡಿ. ನೀರಿನ ದಾರಿ ಬದಲಿಸುವ ವಾಲ್ವಿನ ಹಿಡಿಯನ್ನು ತಿರುಗಿಸುವುದು ಪಂಪ್ ಆರಿಸಿದ ಮೇಲೆಯೇ. ಓಡುವಾಗ ತಿರುಗಿಸಿದರೆ ಒಳಗಿನ ಜೇಡಬಲೆಯಾಕಾರದ ರಬ್ಬರ್ ಕಿತ್ತುಬರುತ್ತದೆ. ಆಮೇಲೆ ಫಿಲ್ಟರ್ ಸ್ಥಾನದಲ್ಲಿದ್ದರೂ ನೀರು ಹೊರಚರಂಡಿಗೆ ಸೋರುತ್ತಲೇ ಇರುತ್ತದೆ.

ಒತ್ತಡ ಸರಿಯಿದ್ದೂ ನೀರು ತಿಳಿಯಾಗದಿದ್ದರೆ ಫಿಲ್ಟರಿನ ಮುಚ್ಚಳ ತೆಗೆದು ಮರಳನ್ನು ಕೈಯಲ್ಲಿ ಹಿಡಿದು ನೋಡಿ. ಅಂಟಂಟಾಗಿ ಹೆಪ್ಪುಗಟ್ಟಿದ್ದರೆ, ನಡುವೆ ಬಿಲದಂತೆ ದಾರಿ ಬಿದ್ದಿದ್ದರೆ ಕೊಳಕು ನೀರು ಸೋಸದೆ ನೇರ ದಾಟುತ್ತಿದೆ. ಮರಳು ಬದಲಿಸಿ. ಮರಳೇ ಕೊಳಕ್ಕೆ ಬಂದು ಬೀಳುತ್ತಿದ್ದರೆ ತಳದ ಜಾಲರಿ ಕೊಳವೆ ಮುರಿದಿದೆ. ಇಲ್ಲಿ ಒಂದು ಮಾತು: ಮನೆಯೆದುರೇ ಸಮುದ್ರ ಇದೆಯೆಂದು ಅಲ್ಲಿನ ಮರಳು ತುಂಬುವವರಿದ್ದಾರೆ. ಅದರಲ್ಲಿ ಉಪ್ಪಿದೆ, ಚಿಪ್ಪಿನ ಸುಣ್ಣವಿದೆ, ಕಾಳಿನ ಗಾತ್ರ ಒಂದೇ ಸಮನಿಲ್ಲ. ಫಿಲ್ಟರಿಗೆ ಬೇಕಾದದ್ದು 0.45ರಿಂದ 0.85 ಮಿ.ಮೀ. ಕಾಳಿನ, ತೊಳೆದ ಸಿಲಿಕಾ ಮರಳು.

ಬಕೆಟ್ ನೀರಿನಲ್ಲಿ ರೋಗ ನೋಡುವುದು

ಪಂಪ್, ಫಿಲ್ಟರ್ ಸರಿಯಾದವು ಎನ್ನೋಣ. ಈಗ ಬಣ್ಣದ ಪ್ರಶ್ನೆ. ಕೊಳಕ್ಕೆಲ್ಲ ಪ್ರಯೋಗ ಮಾಡುವ ಬದಲು ಬಿಳಿ ಬಕೆಟ್ಟಿನಲ್ಲಿ ಕೊಳದ ನೀರು ತುಂಬಿ, ಒಂದು ಚಿಟಿಕೆ ಕ್ಲೋರಿನ್ ಪುಡಿ ಕದಡಿ, ನೆರಳಿನಲ್ಲಿಡಿ.

ಹಸಿರು ಹೋಗಿ ಬೂದು ಬಿಳಿಯಾದರೆ ಅದು ಬರೀ ಪಾಚಿ. ಸುಲಭದ ಕೇಸು.

ನೀರು ಕೆಂಪು ಕಂದಾಗಿ, ಸ್ವಲ್ಪ ಹೊತ್ತಿಗೆ ತಳದಲ್ಲಿ ತುಕ್ಕಿನ ಪುಡಿ ಕೂತರೆ ಕಬ್ಬಿಣ. ಚಿರೆಕಲ್ಲಿನ ನೆಲದ ಬಾವಿ, ಬೋರ್‌ವೆಲ್ ನೀರಿನಲ್ಲಿ ಇದು ಸಾಮಾನ್ಯ. ತುಂಬುವಾಗ ತಿಳಿಯಾಗಿದ್ದ ನೀರು ಕ್ಲೋರಿನ್ ಬಿದ್ದೊಡನೆ ಕೆಂಪಾಗಿ ಮಾಲೀಕರನ್ನು ಹೆದರಿಸುತ್ತದೆ. ಇಂಥಲ್ಲಿ ಒಮ್ಮೆಗೇ ಕ್ಲೋರಿನ್ ಸುರಿದರೆ ಟೈಲ್ಸ್ ತುಂಬ ಕಲೆ. ಸ್ವಲ್ಪ ಸ್ವಲ್ಪವಾಗಿ ಹಾಕಿ, ಫಿಲ್ಟರ್ ಓಡಿಸುತ್ತಾ ಕೆಂಪನ್ನು ಸೋಸಿ ತೆಗೆಯಬೇಕು. ಮುಂದೆ ನೀರು ತುಂಬುವಾಗ ಮೊದಲು ತೊಟ್ಟಿಗೆ ಎತ್ತರದಿಂದ ಬೀಳಿಸಿ, ಒಂದು ರಾತ್ರಿ ಇಟ್ಟು, ಮೇಲಿನ ತಿಳಿಯನ್ನು ಮಾತ್ರ ಬಿಡಿ. ಗೋಡೆಯ ಕಲೆ ಕಬ್ಬಿಣದ್ದೇ ಎಂದು ತಿಳಿಯಲು ವಿಟಮಿನ್ ಸಿ ಮಾತ್ರೆಯನ್ನು ಅದರ ಮೇಲೆ ಒತ್ತಿ ಹಿಡಿಯಿರಿ. ಅರ್ಧ ನಿಮಿಷದಲ್ಲಿ ಕಲೆ ತಿಳಿಯಾದರೆ ಕಬ್ಬಿಣ ಹೌದು.

ಅಡಕೆ ಬೇಯಿಸಿದ ಚೊಗರಿನಂತೆ ನೀರು ಕಂದಾಗಿದ್ದು, ಕ್ಲೋರಿನ್ ಹಾಕಿದಾಗ ಬಣ್ಣ ಇಳಿದರೆ ಅದು ಎಲೆಯ ಒಗರು. ಹೆದರುವಂಥದ್ದಲ್ಲ, ಕ್ಲೋರಿನ್ ಮಾತ್ರ ಹೆಚ್ಚು ತಿನ್ನುತ್ತದೆ.

ಪಾರದರ್ಶಕವಾಗಿದ್ದೂ ಹಸಿರು ಛಾಯೆ ಉಳಿದರೆ ತಾಮ್ರ. ಶಿರಸಿ ಸೀಮೆಯ ಕೊಳಗಳಲ್ಲಿ ಇದು ಎಲ್ಲಿಂದ ಬಂತೆಂದು ಕೇಳುವುದೇ ಬೇಡ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತ (ತಾಮ್ರದ ಸಲ್ಫೇಟ್) ಪ್ರತಿ ಮನೆಯ ಅಟ್ಟದಲ್ಲೂ ಇರುತ್ತದೆ, ‘ಅಡಕೆಯ ಕೊಳೆ ಹೋಗುವುದಾದರೆ ಕೊಳದ ಪಾಚಿ ಹೋಗದೇ’ ಎಂಬ ತರ್ಕವೂ ಇರುತ್ತದೆ. ಪಾಚಿ ಹೋಗುತ್ತದೆ ನಿಜ. ತಾಮ್ರ ಮಾತ್ರ ನೀರಿನಲ್ಲೇ ಉಳಿದು, ಟೈಲ್ಸ್ ಸಂದಿಗೆ ನೀಲಿ ಹಸಿರು ಕಲೆಯನ್ನೂ ನರೆಗೂದಲಿನ ಅತಿಥಿಗಳಿಗೆ ಹಸಿರು ಮಿಂಚನ್ನೂ ಕೊಡುತ್ತದೆ. ನೀರನ್ನು ಭಾಗ ಭಾಗವಾಗಿ ಬದಲಿಸುವುದೇ ಇದಕ್ಕೆ ನೇರ ಪರಿಹಾರ, ಅದೂ ಅಂತರ್ಜಲ ಇಳಿದ ಮೇಲೆ.

ಕ್ಲೋರಿನ್ ಹಾಕಿದರೂ ನಿಲ್ಲುತ್ತಿಲ್ಲ

ಹೆಚ್ಚು ದೂರು ಬರುವುದು ಇಲ್ಲಿಯೇ. ಮೊದಲು ಒಂದು ಲೆಕ್ಕ ಗಮನಿಸಿ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ. ಸರಾಸರಿ 1.4 ಮೀಟರ್ ಆಳದ ಕೊಳಕ್ಕೆ ಅದರ ಎರಡು ಪಟ್ಟು ನೀರು ಆಕಾಶದಿಂದ ಬಿದ್ದು, ಹಳೆಯದು ತುಳುಕಿ ಹೋಗಿರುತ್ತದೆ. ಈಗ ಒಳಗಿರುವುದು ಹೆಚ್ಚುಕಡಿಮೆ ಮಳೆನೀರು. ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ ಏರುಪೇರಾಗದಂತೆ ತಡೆಯುವ, ಮೇ ತಿಂಗಳಲ್ಲಿದ್ದ ಕ್ಷಾರತೆಯೂ ಇಲ್ಲ, ಬಿಸಿಲಿನಿಂದ ಕ್ಲೋರಿನ್ ಕಾಪಾಡುವ ಸಯನ್ಯೂರಿಕ್ ಆಮ್ಲವೂ ಇಲ್ಲ. ಆ ಆಮ್ಲವಿಲ್ಲದ ನೀರಿನಲ್ಲಿ ಮಧ್ಯಾಹ್ನದ ಬಿಸಿಲಿಗೆ ಒಂದು ಗಂಟೆಯೊಳಗೆ ಅರ್ಧಕ್ಕರ್ಧ ಕ್ಲೋರಿನ್ ಹಾರಿ ಹೋಗುತ್ತದೆ. ಬೆಳಿಗ್ಗೆ ಹಾಕಿ ಸಂಜೆ ಅಳೆದು ‘ಮಾಲು ಕಲಬೆರಕೆ’ ಎಂದು ಅಂಗಡಿಯವನನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಕ್ಷಾರತೆಯನ್ನು ಮೊದಲು 80ರಿಂದ 120 ಪಿಪಿಎಂಗೆ (ಲೀಟರಿಗೆ ಅಷ್ಟು ಮಿಲಿಗ್ರಾಂ) ತನ್ನಿ. ಅಡುಗೆ ಸೋಡಾ ಸಾಕು. ಸಾವಿರ ಲೀಟರಿಗೆ 17 ಗ್ರಾಂ ಹಾಕಿದರೆ 10 ಪಿಪಿಎಂ ಏರುತ್ತದೆ. ಆಮೇಲೆ ಪಿಎಚ್ 7.2ರಿಂದ 7.6. ಪಿಎಚ್ 8ಕ್ಕೆ ಏರಿದ ನೀರಿನಲ್ಲಿ ಕ್ಲೋರಿನ್‌ನ ಕಾಲು ಭಾಗವೂ ಕೆಲಸಕ್ಕೆ ಬರುವುದಿಲ್ಲ.

ನಂತರ ಕ್ಲೋರಿನ್. ಎಂಟು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳದಲ್ಲಿ ಸುಮಾರು 45,000 ಲೀಟರ್ ನೀರಿರುತ್ತದೆ. ಪಾಚಿ ಸಾಯಿಸಲು 10 ಪಿಪಿಎಂ ಬೇಕೆಂದರೆ, ಶೇ 65ರ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಸುಮಾರು 700 ಗ್ರಾಂ. ಸೂರ್ಯ ಮುಳುಗಿದ ಮೇಲೆ, ಬಕೆಟ್ ನೀರಿಗೆ ಪುಡಿ ಹಾಕಿ ಕರಗಿಸಿ, ಪಂಪ್ ಓಡುತ್ತಿರುವಾಗ ಸುತ್ತಲೂ ಸುರಿಯಿರಿ. ಪುಡಿಯ ಮೇಲೆ ನೀರು ಸುರಿಯಬಾರದು. ಸಾಮಾನ್ಯ ಬ್ಲೀಚಿಂಗ್ ಪೌಡರ್ ಆದರೆ ಇದರ ಎರಡು ಪಟ್ಟು ಬೇಕು. ಅದರ ಸುಣ್ಣ ತಳಕ್ಕೆ ಕೂರಲು ಬಿಟ್ಟು ಮೇಲಿನ ತಿಳಿಯನ್ನಷ್ಟೇ ಬಳಸಬೇಕು. ಇಲ್ಲದಿದ್ದರೆ ಕೊಳ ಮಜ್ಜಿಗೆ ಬಣ್ಣಕ್ಕೆ ತಿರುಗುತ್ತದೆ.

ಮೇ ತಿಂಗಳಲ್ಲಿ ಒಡೆದ ಚೀಲವೇ ಇನ್ನೂ ಇದ್ದರೆ ಅದನ್ನು ನಂಬಬೇಡಿ. ಮಳೆಗಾಲದ ಶೀತಕ್ಕೆ ಅದರ ಸತ್ವ ಇಳಿದಿರುತ್ತದೆ. ಒಂದು ಚಮಚವನ್ನು ಶುದ್ಧ ನೀರಿನ ಬಕೆಟ್ಟಿಗೆ ಹಾಕಿ ಪರೀಕ್ಷಿಸಿದರೆ ಗೊತ್ತಾಗುತ್ತದೆ. ಇದಕ್ಕೆ ತದ್ವಿರುದ್ಧವೂ ಉಂಟು. ಗುಲಾಬಿ ಬಣ್ಣ ಬರುವ ಪರೀಕ್ಷಾ ಮಾತ್ರೆ ಹಾಕಿದಾಗ ಬಣ್ಣ ಒಂದು ಕ್ಷಣ ಮಿಂಚಿ ಮಾಯವಾದರೆ ಕ್ಲೋರಿನ್ ಸೊನ್ನೆಯಲ್ಲ, ವಿಪರೀತ ಹೆಚ್ಚಾಗಿ ಬಣ್ಣವನ್ನೇ ಅಳಿಸಿದೆ. ಒಂದು ಪಾಲು ಕೊಳದ ನೀರಿಗೆ ನಾಲ್ಕು ಪಾಲು ಶುದ್ಧ ನೀರು ಬೆರೆಸಿ ಮತ್ತೆ ಅಳೆದು, ಬಂದದ್ದನ್ನು ಐದರಿಂದ ಗುಣಿಸಿ.

ಎರಡು ಎಚ್ಚರಿಕೆ ಮಾತ್ರ ಯಾವ ಆತುರಕ್ಕೂ ಮೀರಬಾರದು. ಕ್ಲೋರಿನ್ ಪುಡಿ ಮತ್ತು ನಿಧಾನ ಕರಗುವ ಟಿಸಿಸಿಎ (ಇನ್ನೊಂದು ಬಗೆಯ ಕ್ಲೋರಿನ್) ಮಾತ್ರೆಗಳನ್ನು ಒಂದೇ ಡಬ್ಬಿಗೆ, ಒಂದೇ ಬಕೆಟ್ಟಿಗೆ ಹಾಕಿದರೆ ಬೆಂಕಿ ಹತ್ತುತ್ತದೆ, ಸಿಡಿಯುತ್ತದೆ. ಕ್ಲೋರಿನ್‌ಗೆ ಆಮ್ಲ ತಾಗಿದರೆ ವಿಷಾನಿಲ. ಕ್ಲೋರಿನ್, ಆಮ್ಲ ಎರಡನ್ನೂ ಪಂಪ್ ಶೆಡ್ಡಿನಲ್ಲಿ ಅಕ್ಕಪಕ್ಕ ಇಡುವ ರೂಢಿಯೇ ಎಷ್ಟೋ ಪ್ಯಾನೆಲ್ ಬೋರ್ಡುಗಳ ತುಕ್ಕಿಗೂ ಕಾರಣ.

ಪಾಚಿ ಸತ್ತ ಮೇಲೆ ನೀರು ಕೆಲವು ದಿನ ಬೂದಾಗಿರುತ್ತದೆ. ಗೋಡೆ ಉಜ್ಜಿ, ಫಿಲ್ಟರನ್ನು ಹಗಲು ರಾತ್ರಿ ಓಡಿಸಿ, ಒತ್ತಡ ಏರಿದಾಗಲೆಲ್ಲ ಬ್ಯಾಕ್‌ವಾಶ್ ಮಾಡಿ. ತಳದ ಕೆಸರನ್ನು ಫಿಲ್ಟರಿಗೆ ಕಳಿಸದೆ ನೇರ ಹೊರಗೆ ಹೋಗುವ ಸ್ಥಾನದಲ್ಲಿ ವಾಲ್ವ್ ಇಟ್ಟು ಎಳೆಯಿರಿ. ಆ ನೀರನ್ನು ತೋಟದ ಕಾಲುವೆಗೋ ಹಳ್ಳಕ್ಕೋ ಬಿಡಬೇಡಿ. ಚಿರೆಕಲ್ಲಿನಲ್ಲಿ ಇಂಗಿ ಬಾವಿ ಸೇರಲು ಹೆಚ್ಚು ಹೊತ್ತು ಬೇಡ. ಬಾವಿಯಿಂದ ದೂರ ಗುಂಡಿ ತೆಗೆದು, ಟಾರ್ಪಾಲು ಹಾಸಿ, ಕೆಲವು ದಿನ ಬಿಸಿಲಿಗೆ ಬಿಟ್ಟು ಕ್ಲೋರಿನ್ ಹೋದ ಮೇಲೆ ಹೊರಹಾಕಿ.

ನೀರಿನ ಮಟ್ಟ ಇಳಿಯುತ್ತಿದ್ದರೆ

ಬಕೆಟ್ಟಿಗೆ ಕೊಳದ ನೀರು ತುಂಬಿ ಮೆಟ್ಟಿಲ ಮೇಲೆ ಇಡಿ. ಒಳಗಿನ ಮಟ್ಟ, ಹೊರಗಿನ ಮಟ್ಟ ಎರಡಕ್ಕೂ ಗುರುತು ಹಾಕಿ. ಒಂದು ದಿನದ ನಂತರ ಎರಡೂ ಸಮ ಇಳಿದಿದ್ದರೆ ಆವಿಯಾಗಿದೆ. ಕೊಳದ್ದು ಹೆಚ್ಚು ಇಳಿದಿದ್ದರೆ ಸೋರಿಕೆ. ಪಂಪ್ ಓಡುವಾಗ ಹೆಚ್ಚು ಇಳಿದರೆ ವಾಪಸ್ ಬರುವ ಪೈಪಿನಲ್ಲಿ ಬಿರುಕು. ಮಟ್ಟ ಇಳಿದು ಎಲ್ಲೋ ಒಂದು ಕಡೆ ತಾನಾಗಿ ನಿಂತರೆ ಆ ಎತ್ತರದಲ್ಲಿರುವ ಸ್ಕಿಮರ್, ಲೈಟ್ ಅಥವಾ ಪೈಪಿನ ಬಾಯಿ ನೋಡಿ. ಅನುಮಾನದ ಬಿರುಕಿನ ಹತ್ತಿರ ಸಿರಿಂಜಿನಿಂದ ಅಡುಗೆ ಬಣ್ಣ ಬಿಟ್ಟರೆ ಅದು ಒಳಗೆ ಎಳೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ.

ಅತಿಥಿಗಳನ್ನು ಇಳಿಸುವ ಮೊದಲು

ರಾತ್ರಿ ಕತ್ತಲಾದ ಮೇಲೆ ಕ್ಲೋರಿನ್ ಅಳೆಯಿರಿ, ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಮತ್ತೆ ಅಳೆಯಿರಿ. ಇಳಿಕೆ 1 ಪಿಪಿಎಂಗಿಂತ ಕಡಿಮೆ ಇದ್ದರೆ ತಿನ್ನುವುದೇನೂ ನೀರಿನಲ್ಲಿ ಉಳಿದಿಲ್ಲ. ಹೆಚ್ಚಿದ್ದರೆ ಕಣ್ಣಿಗೆ ಎಷ್ಟೇ ತಿಳಿಯಾಗಿ ಕಂಡರೂ ಪಾಚಿ ಇನ್ನೂ ಇದೆ, ಕ್ಲೋರಿನ್ ಮುಂದುವರಿಸಿ. ಮೂಗಿಗೆ ಅಡರುವ ‘ಕ್ಲೋರಿನ್ ವಾಸನೆ’ ಬಂದರೂ ಅದೇ ಅರ್ಥ. ಅದು ಕೊಳೆಯೊಂದಿಗೆ ಸೇರಿಕೊಂಡ ಕ್ಲೋರಿನ್‌ನ ವಾಸನೆ. ರಾತ್ರಿಯ ಪರೀಕ್ಷೆ ದಾಟಿದ ಮೇಲೆ ಸಯನ್ಯೂರಿಕ್ ಆಮ್ಲ 30 ಪಿಪಿಎಂ ಆಗುವಷ್ಟು ಸೇರಿಸಿ. ದಿನದ ಬಳಕೆಗೆ ಕ್ಲೋರಿನ್ 1ರಿಂದ 3 ಪಿಪಿಎಂ ಇರಲಿ.

ಆಳದ ತುದಿಯ ತಳದಲ್ಲಿ ಪಂಪ್ ನೀರೆಳೆಯುವ ಬಾಯಿಗೆ ಹಾಕಿದ ಜಾಲರಿ ದಡದಲ್ಲಿ ನಿಂತು ಸ್ಪಷ್ಟವಾಗಿ ಕಾಣಬೇಕು, ಅದರ ಸ್ಕ್ರೂಗಳು ಪೂರ್ತಿ ಇರಬೇಕು. ಸ್ಕ್ರೂ ತುಕ್ಕು ತಿಂದು ಜಾಲರಿ ಅಲುಗುತ್ತಿದ್ದರೆ, ಒಡೆದಿದ್ದರೆ, ಪಂಪಿನ ಸೆಳೆತಕ್ಕೆ ಮಗುವಿನ ಕೈಯೋ ಕೂದಲೋ ಅಲ್ಲಿ ಸಿಕ್ಕಿ ಬಿಡಿಸಲಾಗದು. ಹೊಸ ಜಾಲರಿ ತಂದು 316 ದರ್ಜೆಯ ಸ್ಟೀಲ್ ಸ್ಕ್ರೂ ಹಾಕುವವರೆಗೆ ತಳದ ವಾಲ್ವ್ ಮುಚ್ಚಿ, ಸ್ಕಿಮರ್ ಕಡೆಯಿಂದ ಮಾತ್ರ ಫಿಲ್ಟರ್ ಓಡಿಸಿ. ಬುಕಿಂಗ್ ಇದ್ದರೂ ಅಷ್ಟು ದಿನ ಕೊಳದ ಗೇಟಿಗೆ ಬೀಗ ಇರಲಿ.